ಅವಲಂಬಿತನ ಸ್ವತಂತ್ರ ವೃತ್ತಿ

ವೇತನವಿಲ್ಲದ ರಜೆ ಎಂಬುದು ಗೃಹಸ್ಥಾಶ್ರಮಕ್ಕೂ ವಾನಪ್ರಸ್ಥಕ್ಕೂ ನಡುವೆ ಇರುವ, ಸ್ಮೃತಿಕಾರರು ಹೆಸರಿಡಲು ಮರೆತ ಒಂದು ಆಶ್ರಮ. ಮೈಸೂರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಕನ್ನಡ ಪಾಠ ಹೇಳಿದ ಮೇಲೆ ನಾನು ಈ ಆಶ್ರಮವನ್ನು ಸ್ವೀಕರಿಸಿದೆ. ಕಾರಣ, ನನ್ನ ಮನೆಯಾಕೆಗೆ ಜರ್ಮನಿಯಲ್ಲಿ ಕೆಲಸ ದೊರೆಯಿತು. ಆಕೆ ಎಂಜಿನಿಯರು. ವಿದ್ಯಾವಂತರಾದ ಪರದೇಶದವರಿಗೆ ಯೂರೋಪಿನವರು ಕೊಡುವ ‘ನೀಲಿ ಕಾರ್ಡು’ ಆಕೆಗೆ ಸಿಕ್ಕಿತು. ನನಗೆ ಆಕೆ ಸಿಕ್ಕಿದ್ದಳು. 2024ರ ಅಕ್ಟೋಬರಿನಲ್ಲಿ, ದಸರಾ ಮುಗಿಸಿಕೊಂಡು, ನಾನೂ ನೆಕಾರ್ ನದಿಯ ದಂಡೆಯ ಆ ಊರನ್ನು ಸೇರಿದೆ. ಊರಿನ ಹೆಸರು ಬೇಡ. ಅಲ್ಲಿಯ ಕಚೇರಿಯವರು ಕನ್ನಡ ಓದಲಾರರು ನಿಜ. ಆದರೂ ತೆರಿಗೆ ಕಟ್ಟುವವನಿಗೆ ಎಚ್ಚರ ಭೂಷಣ.

ನೀಲಿ ಕಾರ್ಡಿನವರ ಗಂಡನಿಗೋ ಹೆಂಡತಿಗೋ ಜರ್ಮನ್ ಭಾಷೆಯ ಪರೀಕ್ಷೆಯ ಕಟ್ಟುಪಾಡಿಲ್ಲ. ಹೀಗಾಗಿ ಆ ಭಾಷೆಯ ನಾಲ್ಕು ಮಾತನ್ನೂ ಅರಿಯದೆ ನಾನು ಅಲ್ಲಿ ಇಳಿದೆ. ಆಂಗ್ಲ ಬಲ್ಲ ಸ್ನೇಹಿತರೆಲ್ಲರೂ ನನ್ನನ್ನು ಕರೆಯುತ್ತಿದ್ದುದು ಒಂದೇ ಹೆಸರಿನಿಂದ: ‘ಡಿಪೆಂಡೆಂಟು’. ಅವಲಂಬಿತ. ನಾನು ತರಗತಿಯಲ್ಲಿ ಬಹುವ್ರೀಹಿ ಸಮಾಸವನ್ನು ವಿವರಿಸುವಾಗ ‘ಮುಕ್ಕಣ್ಣ’ ಎಂಬ ಪದವನ್ನು ಕರಿಹಲಗೆಯ ಮೇಲೆ ಬರೆದು, ಇಲ್ಲಿ ‘ಮೂರು’ ಎಂಬುದೂ ಮುಖ್ಯವಲ್ಲ, ‘ಕಣ್ಣು’ ಎಂಬುದೂ ಮುಖ್ಯವಲ್ಲ, ಅರ್ಥವೆಲ್ಲ ಹೊರಗಿರುವ ಮತ್ತೊಬ್ಬನಲ್ಲಿದೆ ಎಂದು ಹೇಳುತ್ತಿದ್ದೆ. ಮೂವತ್ತಾರನೆಯ ವಯಸ್ಸಿನಲ್ಲಿ ನಾನೇ ಬಹುವ್ರೀಹಿಯಾದೆ. ನನ್ನ ಅರ್ಥ ಬೆಳಿಗ್ಗೆ ಏಳೂವರೆಗೆ ಟ್ರಾಮ್ ಹಿಡಿದು ಕಚೇರಿಗೆ ಹೋಗುತ್ತಿತ್ತು.

ಮೊದಲ ತಿಂಗಳು ಸುಖವಾಗಿಯೇ ಕಳೆಯಿತು. ಅನ್ನ ಮಾಡುವುದನ್ನೂ ಸಾರು ಕುದಿಸುವುದನ್ನೂ ಕಲಿತೆ; ಗಾಜಿಗೆ, ಕಾಗದಕ್ಕೆ, ಹಸಿಕಸಕ್ಕೆ ಬೇರೆ ಬೇರೆ ತೊಟ್ಟಿಗಳಿವೆ ಎಂಬುದನ್ನು ಮನನ ಮಾಡಿಕೊಂಡೆ. ಆದರೆ ಪ್ರತಿ ಭಾನುವಾರ ಮೈಸೂರಿನಿಂದ ಅಮ್ಮನ ದೂರವಾಣಿ ಬರುತ್ತಿತ್ತು.

“ಏನೋ ಮಗೂ, ದಿನಾ ಏನು ಮಾಡ್ತಿರ್ತೀಯ?”

“ಜರ್ಮನ್ ಕಲೀತಿದೀನಮ್ಮ.”

“ಅದು ಸರಿ. ಕಲಿತು?”

ಈ ‘ಕಲಿತು’ ಎಂಬ ಪೂರ್ವಕಾಲ ಕೃದವ್ಯಯ ಒಂದು ಪೂರ್ಣಕ್ರಿಯೆಯನ್ನು ಬೇಡುತ್ತದೆ. ನನ್ನಲ್ಲಿ ಅದಿರಲಿಲ್ಲ. ಅಮ್ಮ ನೆಂಟರಿಷ್ಟರಿಗೆ, “ಅವನೂ ಅಲ್ಲೇ ಒಂದು ದೊಡ್ಡ ಕೆಲಸದಲ್ಲಿದಾನೆ” ಎಂದು ಹೇಳುತ್ತಿದ್ದಳೆಂದು ತಂಗಿಯಿಂದ ತಿಳಿಯಿತು. ಎಂದೂ ಸುಳ್ಳಾಡದ ನನ್ನ ತಾಯಿ ನನ್ನ ದೆಸೆಯಿಂದ ಎಪ್ಪತ್ತರ ಹತ್ತಿರ ಬಂದಮೇಲೆ ಸುಳ್ಳು ಕಲಿತಳು.

ಕೆಲಸವೇನೋ ನನ್ನನ್ನು ಹುಡುಕಿಕೊಂಡು ಬಂದಿತ್ತು. ನವೆಂಬರಿನಲ್ಲಿ ಅಲ್ಲಿಯ ಕನ್ನಡಿಗರು ನಡೆಸಿದ ರಾಜ್ಯೋತ್ಸವದ ಕೂಟದಲ್ಲಿ ನಾಲ್ಕು ಮನೆಯವರು, “ಮೇಷ್ಟ್ರೇ, ನಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸಿ, ಪುಕ್ಕಟೆ ಬೇಡ” ಎಂದರು. ಕನ್ನಡತಿಯೊಬ್ಬಳನ್ನು ಮದುವೆಯಾಗಿದ್ದ ಜರ್ಮನ್ ಯುವಕನೊಬ್ಬ, ಅತ್ತೆಯೊಡನೆ ಮಾತಾಡುವಷ್ಟು ಕನ್ನಡ ಬೇಕೆಂದ. (ಮಾತಾಡದಿರುವುದೇ ಕ್ಷೇಮವೆಂಬ ಪಾಠವನ್ನು ನಾನು ಆತನಿಗೆ ಮೊದಲೇ ಹೇಳಲಿಲ್ಲ.) ಭಾಷಾಂತರದ ಸಂಸ್ಥೆಯೊಂದು ಅಡುಗೆಮನೆಯ ಯಂತ್ರಗಳ ಬಳಕೆಯ ಕೈಪಿಡಿಗಳನ್ನು ಕನ್ನಡಕ್ಕೆ ತಂದುಕೊಡುವಿರಾ ಎಂದು ಕೇಳಿತು. ನಾನು ಹಿಗ್ಗಿದೆ. ಆಗ ಬಿಸಿಬೇಳೆ ಭಾತಿನ ತಟ್ಟೆ ಹಿಡಿದಿದ್ದ ಹಿರಿಯರೊಬ್ಬರು, ಇಪ್ಪತ್ತು ವರ್ಷ ಆ ದೇಶದಲ್ಲಿ ಬಾಳಿದ ಗಾಂಭೀರ್ಯದಿಂದ, ಒಂದು ತೀರ್ಪು ಕೊಟ್ಟರು:

“ಎಲ್ಲಾದ್ರೂ ಉಂಟೇನ್ರೀ! ಡಿಪೆಂಡೆಂಟ್ ಆದವರು ನೌಕರಿ ಬೇಕಾದ್ರೆ ಮಾಡಬಹುದು. ಸ್ವಂತ ದುಡಿಮೆ ಕೂಡದು. ಅದಕ್ಕೆ ಇಪ್ಪತ್ತೊಂದನೇ ಕಲಮು ಅಂತ ಬೇರೆ ವೀಸಾನೇ ಇದೆ. ಸಿಕ್ಕಿಬಿದ್ದರೆ ನಿಮ್ಮ ಮನೆಯವರ ಕಾರ್ಡಿಗೂ ಸಂಚಕಾರ.”

ನನಗೆ ಬರುವ ಆಪತ್ತನ್ನು ನಾನು ಹೇಗೋ ಎದುರಿಸುತ್ತಿದ್ದೆ. ಆದರೆ ಆಕೆಯ ಕಾರ್ಡಿಗೆ ಧಕ್ಕೆ ಎಂದರೆ ಕುಳಿತ ಕೊಂಬೆಯನ್ನೇ ಕಡಿದಂತೆ. ಮರುದಿನವೇ ಮಕ್ಕಳ ತಂದೆತಾಯಿಗಳಿಗೂ ಸಂಸ್ಥೆಗೂ ಕೈಮುಗಿದುಬಿಟ್ಟೆ. ಮೂರು ತಿಂಗಳು ಹಾಗೆಯೇ ಕಳೆದವು.

ಈ ನಡುವೆ ನಡೆದ ಒಂದು ಸಣ್ಣ ಪ್ರಸಂಗವನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ನನ್ನ ಹೆಸರಿನಲ್ಲೊಂದು ಬ್ಯಾಂಕಿನ ಖಾತೆ ತೆರೆಯಲು ಹೋಗಿದ್ದೆವು. ಮೇಜಿನ ಆಚೆಗಿದ್ದ ತರುಣಿ ಬಲು ವಿನಯದಿಂದ ನನ್ನ ರಹದಾರಿಯನ್ನು ನೋಡಿ, ಬಳಿಕ ನನ್ನನ್ನು ಕುರಿತು ಆಂಗ್ಲದಲ್ಲಿ, “ತಮ್ಮ ಶ್ರೀಮತಿಯವರು ಏನು ಕೆಲಸದಲ್ಲಿದ್ದಾರೆ?” ಎಂದು ಕೇಳಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಖಾತೆಗೆ ಹಣ ಎಲ್ಲಿಂದ ಬರುವುದೆಂಬುದನ್ನು ಅವಳು ತಿಳಿಯಬೇಡವೇ? ಆದರೂ ನನಗೆ ಕಿವಿ ಬಿಸಿಯಾಯಿತು. ದಾರಿಯುದ್ದಕ್ಕೂ ಗೊಣಗಿದೆ. ಹನ್ನೊಂದು ವರ್ಷ ಪಾಠ ಹೇಳಿದವನನ್ನು, ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದವನನ್ನು, ಹೀಗೆ ಕೇಳಬಹುದೆ?

ನನ್ನಾಕೆ ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ ಹೇಳಿದಳು:

“2017ರಲ್ಲಿ ಮೈಸೂರಿನ ಬ್ಯಾಂಕಿನಲ್ಲಿ ನನ್ನನ್ನೂ ಕೇಳಿದ್ರು ರೀ. ‘ಯಜಮಾನ್ರು ಏನು ಮಾಡ್ತಾರಮ್ಮ?’ ಅಂತ. ನೀವು ಪಕ್ಕದಲ್ಲೇ ನಿಂತಿದ್ರಿ.”

“ನನಗೆ ನೆನಪಿಲ್ಲ.”

“ನನಗಿದೆ. ನಾನು ಬಾಯಿ ತೆಗೆಯೋಕೆ ಮುಂಚೆ ನೀವೇ ಉತ್ತರ ಹೇಳಿದ್ರಿ.”

ಮದುವೆಯಾದ ಹೊಸದರಲ್ಲಿ ಆಕೆ ಬೆಂಗಳೂರಿನ ಕೆಲಸವನ್ನು ಬಿಟ್ಟು ನನ್ನೂರಿಗೆ ಬಂದಿದ್ದಳು. ಒಪ್ಪುವಂಥ ಕೆಲಸ ಮೈಸೂರಿನಲ್ಲಿ ಸಿಗುವುದಕ್ಕೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳನ್ನು ನಾನು ‘ಹೊಸ ಸಂಸಾರದ ಸುಖದ ದಿನಗಳು’ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅವು ಆಕೆಗೆ ಏನಾಗಿದ್ದವೆಂದು ನಾನು ಕೇಳಿರಲಿಲ್ಲ. ಆ ಸಂಜೆಯೂ ಕೇಳುವ ಧೈರ್ಯವಾಗಲಿಲ್ಲ. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ.

ಡಿಸೆಂಬರಿನಲ್ಲಿ ಮನೆ ಬದಲಾಯಿಸಿದೆವು. ಹೊಸ ಮನೆಯ ಎದುರು ಬಾಗಿಲಿನಲ್ಲಿ ಒಬ್ಬ ಮುದುಕಿ ಇದ್ದರು. ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಸತ್ತ ಭಾಷೆಯ ಉಪಾಧ್ಯಾಯಿನಿಗೂ ಹಳಗನ್ನಡದ ಅಧ್ಯಾಪಕನಿಗೂ ಸ್ನೇಹವಾಗಲು ಎಷ್ಟು ಹೊತ್ತು? ಒಂದು ದಿನ ಕಾಫಿ ಕುಡಿಯುತ್ತ, ನನಗೆ ದುಡಿಯುವ ಹಕ್ಕಿಲ್ಲವೆಂಬ ಸಂಕಟವನ್ನು ಅವರಲ್ಲಿ ತೋಡಿಕೊಂಡೆ. ಅವರು ನನ್ನ ವಾಸದ ಪರವಾನಗಿಯ ಕಾರ್ಡನ್ನು ಕೇಳಿ ಪಡೆದು, ಕನ್ನಡಕ ಏರಿಸಿ, ಒಂದು ಪದವನ್ನು ಬೆರಳಿನಿಂದ ಮುಟ್ಟಿದರು: ‘ಎರ್ವೆರ್ಪ್ಸ್‌ಟೇಟಿಗ್‌ಕೈಟ್’. ಅದಕ್ಕೆ ಅನುಮತಿಯಿದೆ ಎಂದು ಕಾರ್ಡು ಹೇಳುತ್ತಿತ್ತು.

ನಾನು ಆ ಪದವನ್ನು ನೋಡಿರಲಿಲ್ಲವೆಂದಲ್ಲ. ನಿಘಂಟಿನಲ್ಲಿ ‘ಉದ್ಯೋಗ’ ಎಂದಿತ್ತು. ಉದ್ಯೋಗವೆಂದರೆ ನೌಕರಿ ಎಂದುಕೊಂಡು ಮುಚ್ಚಿಟ್ಟಿದ್ದೆ. ಮುದುಕಿ ಪದವನ್ನು ಬಿಡಿಸಿದರು. ‘ಎರ್ವೆರ್ಪ್’ ಎಂದರೆ ಗಳಿಕೆ, ‘ಟೇಟಿಗ್‌ಕೈಟ್’ ಎಂದರೆ ಕಾರ್ಯ. ಗಳಿಕೆಯ ಕಾರ್ಯ, ಶುದ್ಧ ತತ್ಪುರುಷ. ನೌಕರಿಗೆ ಅವರಲ್ಲಿ ‘ಬೆಶೆಫ್ಟಿಗುಂಗ್’ ಎಂಬ ಬೇರೆ ಪದವಿದೆ. ಪರದೇಶದವರ ವಾಸದ ಕಾನೂನಿನ ಎರಡನೆಯ ಕಲಮೇ ಇದನ್ನು ವಿವರಿಸುತ್ತದೆ: ‘ಎರ್ವೆರ್ಪ್ಸ್‌ಟೇಟಿಗ್‌ಕೈಟ್’ ಎಂದರೆ ಸ್ವಂತ ದುಡಿಮೆ, ನೌಕರಿ, ಸರ್ಕಾರಿ ಅಧಿಕಾರಿಯ ಕೆಲಸ ಮೂರೂ. ಹಿರಿಯರು ಹೇಳಿದ ಇಪ್ಪತ್ತೊಂದನೆಯ ಕಲಮು ಇರುವುದು ನಿಜ. ಅದು ಯಾರ ಆಸರೆಯೂ ಇಲ್ಲದೆ ಸ್ವಂತ ದುಡಿಮೆಗೆಂದೇ ಆ ದೇಶಕ್ಕೆ ಬರುವವನಿಗೆ. ಕುಟುಂಬದ ನೆಲೆಯಲ್ಲಿ ಬಂದ ನನಗೆ ಅದರ ಗೊಡವೆ ಬೇಕಿರಲಿಲ್ಲ. ಕಾರ್ಡಿನ ಮೇಲೆ ‘ಬೆಶೆಫ್ಟಿಗುಂಗ್’ ಎಂದಷ್ಟೇ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಒಂದು ಸಮಾಸವನ್ನು ಬಿಡಿಸದೆ ಮೂರು ತಿಂಗಳು ಮನೆಯಲ್ಲಿ ಕುಳಿತ ವೈಯಾಕರಣನ ಅವಸ್ಥೆಯನ್ನು ಊಹಿಸಿಕೊಳ್ಳಿ. ಅದೂ ಎಂಥ ನಾಡಿನಲ್ಲಿ! ನಮ್ಮ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟನ್ನು ಕೊಟ್ಟ ಕಿಟೆಲ್ ಮಹಾಶಯ 1903ರಲ್ಲಿ ಕಣ್ಣು ಮುಚ್ಚಿದ್ದು ಇದೇ ನೆಕಾರ್ ದಂಡೆಯ ಟ್ಯೂಬಿಂಗೆನ್ ಊರಿನಲ್ಲಿ. ಆತ ಕನ್ನಡದ ಎಪ್ಪತ್ತು ಸಾವಿರ ಪದಗಳನ್ನು ಅರಿತ. ನಾನು ಆತನ ಭಾಷೆಯ ಒಂದು ಪದವನ್ನು ಅರಿಯಲಿಲ್ಲ.

ಇನ್ನು ಉಳಿದದ್ದು ನೋಂದಣಿ. ಜರ್ಮನರಲ್ಲಿ ಸ್ವಂತ ದುಡಿಮೆ ಎರಡು ಜಾತಿ. ಅಂಗಡಿ, ವ್ಯಾಪಾರ, ಕೈಗಾರಿಕೆ ಒಂದು; ಅದಕ್ಕೆ ವ್ಯಾಪಾರದ ಕಚೇರಿಯಲ್ಲಿ ದಾಖಲೆ ಮಾಡಿಸಬೇಕು. ಇನ್ನೊಂದು ‘ಸ್ವತಂತ್ರ ವೃತ್ತಿ’. ವರಮಾನ ತೆರಿಗೆಯ ಕಾನೂನಿನ ಹದಿನೆಂಟನೆಯ ಕಲಮಿನಲ್ಲಿ ಇದರ ಪಟ್ಟಿಯಿದೆ: ವೈದ್ಯರು, ವಕೀಲರು, ಎಂಜಿನಿಯರುಗಳು, ಪತ್ರಕರ್ತರು, ದುಭಾಷಿಗಳು, ಭಾಷಾಂತರಕಾರರು, ಹಡಗಿಗೆ ದಾರಿ ತೋರುವವರು ಕೂಡ, ಜೊತೆಗೆ ವಿಜ್ಞಾನ, ಕಲೆ, ಸಾಹಿತ್ಯ, ಬೋಧನೆಯಿಂದ ಬಾಳುವವರು. ಪಾಠ ಹೇಳುವವನನ್ನೂ ಪದ ಜೋಡಿಸುವವನನ್ನೂ ಒಂದು ತೆರಿಗೆಯ ಕಾನೂನು ವೈದ್ಯರ ಪಂಕ್ತಿಯಲ್ಲಿ ಕೂರಿಸಿದ್ದನ್ನು ನೋಡಿ ನನಗೆ ನಿಜವಾಗಿಯೂ ಕಣ್ಣು ತುಂಬಿತು. ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಈ ಕಲಮನ್ನು ಭಾಷಾಂತರಿಸಿ ಕಳುಹಿಸಬೇಕೆಂದಿದ್ದೇನೆ. ಅಮ್ಮ ತಾನು ಹಾಕಿದ ಮಿಡಿ ಉಪ್ಪಿನಕಾಯಿಯನ್ನು ಅಲ್ಲಿ ಮಾರೆಂದು ಒಮ್ಮೆ ಸೂಚಿಸಿದ್ದಳು. ಮಾರಿದ್ದರೆ ನಾನು ವ್ಯಾಪಾರಿಯಾಗುತ್ತಿದ್ದೆ.

ಸ್ವತಂತ್ರ ವೃತ್ತಿಯವನು ಕೆಲಸ ಆರಂಭಿಸಿದ ಒಂದು ತಿಂಗಳೊಳಗೆ ತೆರಿಗೆ ಕಚೇರಿಗೆ ತಿಳಿಸಿ, ಒಂದು ಉದ್ದದ ಪ್ರಶ್ನಾವಳಿಯನ್ನು ತುಂಬಬೇಕು. ಪ್ರಶ್ನಾವಳಿ ಇರುವುದು ಸರ್ಕಾರದ ‘ಎಲ್ಸ್ಟರ್’ ಎಂಬ ಗಣಕವ್ಯವಸ್ಥೆಯಲ್ಲಿ. ಈ ಹೆಸರು ಕೆಲವು ಪದಗಳ ತುಣುಕುಗಳನ್ನು ಜೋಡಿಸಿ ಮಾಡಿದ್ದಂತೆ. ಆದರೆ ಜರ್ಮನ್ನಿನಲ್ಲಿ ‘ಎಲ್ಸ್ಟರ್’ ಎಂಬುದು ಹೊಳೆಯುವ ವಸ್ತುಗಳನ್ನು ಕದ್ದೊಯ್ಯುತ್ತದೆಂಬ ಅಪವಾದ ಹೊತ್ತ ಒಂದು ಹಕ್ಕಿಗೂ ಹೆಸರು! ತೆರಿಗೆಯವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

ಹಕ್ಕಿಯ ಗೂಡನ್ನು ಹೊಗಲು ಎರಡು ಬೀಗದ ಕೈಗಳು. ಒಂದು ಮಿಂಚಂಚೆಯಲ್ಲಿ ಬರುತ್ತದೆ. ಇನ್ನೊಂದು ಲಕೋಟೆಯಲ್ಲಿ, ಅಂಚೆಯವನ ಕೈಯಲ್ಲಿ. ಮೊದಲನೆಯದು ಕೂಡಲೇ ಬಂತು. ಎರಡನೆಯದು ಎರಡು ವಾರವಾದರೂ ಬರಲಿಲ್ಲ, ಮೂರು ವಾರವಾದರೂ ಬರಲಿಲ್ಲ. ನಾನು ಬೆಳಿಗ್ಗೆ ಹತ್ತರಿಂದಲೇ ಕಿಟಕಿಯಲ್ಲಿ ಕುಳಿತು, ಹಳದಿ ಸೈಕಲ್ಲಿನ ಅಂಚೆಯವಳನ್ನು ವಿರಹಿಯಂತೆ ಕಾಯುತ್ತಿದ್ದೆ. ಕಚೇರಿಯನ್ನು ಶಪಿಸಿದೆ. ಇಷ್ಟೊಂದು ಯಂತ್ರಗಳ ನಾಡಿನಲ್ಲಿ ಒಂದು ಕಾಗದ ಮುಟ್ಟುವುದಿಲ್ಲವೆಂದರೇನು ಎಂದು ಎದುರು ಮನೆಯ ಮುದುಕಿಯ ಮುಂದೆ ದೇಶವನ್ನೇ ನಿಂದಿಸಿದೆ. ಅವರು ಮಾತಾಡದೆ ನನ್ನನ್ನು ಕೆಳಗೆ ಕರೆದೊಯ್ದು ಟಪಾಲು ಪೆಟ್ಟಿಗೆಗಳ ಮುಂದೆ ನಿಲ್ಲಿಸಿದರು.

ನಮ್ಮ ಪೆಟ್ಟಿಗೆಯ ಮೇಲೆ ಒಂದೇ ಹೆಸರಿತ್ತು: ನನ್ನಾಕೆಯದು. ಬಾಡಿಗೆಯ ಕರಾರು ಆಕೆಯ ಹೆಸರಿನಲ್ಲಿ. ಮನೆಯ ಒಡೆಯ ಅದನ್ನೇ ಅಂಟಿಸಿದ್ದ. ಆ ದೇಶದಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದವನು ಆ ಮನೆಯಲ್ಲಿ ಇಲ್ಲದವನು. ಅಂಚೆಯವಳು ಕಾಗದವನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಮನೆಯವರೆಲ್ಲರದೂ ಒಂದೇ ಕುಲನಾಮವಾದರೆ ತೊಂದರೆಯಿಲ್ಲ. ನಮ್ಮಲ್ಲಿ ಕುಲನಾಮವೆಲ್ಲಿ? ರಹದಾರಿಗೆ ಬೇಕೆಂದು ಆಕೆ ತನ್ನ ತಂದೆಯ ಹೆಸರನ್ನು ಹಿಂದೆ ಸೇರಿಸಿಕೊಂಡಿದ್ದಳು, ನಾನು ನನ್ನ ತಂದೆಯ ಹೆಸರನ್ನು. ಆ ಬೀದಿಯ ಕಣ್ಣಿಗೆ ನಾವು ಗಂಡಹೆಂಡಿರೆಂಬುದಕ್ಕೆ ಒಂದಕ್ಷರದ ಸಾಕ್ಷಿಯೂ ಇರಲಿಲ್ಲ. ನಾನು ಕಾಗದದ ಚೂರಿನ ಮೇಲೆ ಹೆಸರು ಬರೆದು ಆಕೆಯ ಹೆಸರಿನ ಕೆಳಗೆ ಅಂಟಿಸಿದೆ. ಸಂಜೆ ಆಕೆ ಅದನ್ನು ನೋಡಿ, “ಅಕ್ಷರ ಸೊಟ್ಟಗಿದೆ ಮೇಷ್ಟ್ರೇ” ಎಂದಳು.

ಆ ವಾರದಲ್ಲಿಯೇ ಒಂದು ರಾತ್ರಿ ಆಕೆ ತಡವಾಗಿ ಬಂದಳು. ಅವರ ವಿಭಾಗದಲ್ಲಿ ಕೆಲವರನ್ನು ಕಡಮೆ ಮಾಡುತ್ತಾರೆಂಬ ಸುದ್ದಿ ಹುಟ್ಟಿತ್ತು. ಊಟ ಮಾಡಲಿಲ್ಲ. ಇಬ್ಬರ ಕಾರ್ಡುಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕುಳಿತಳು. ಎರಡರ ಮೇಲೂ ಮುಗಿಯುವ ದಿನ ಒಂದೇ.

“ನಿಮಗೆ ನನ್ನ ಹಿಂದೆ ಬಂದಿದ್ದು ಭಾರ ಅನ್ನಿಸ್ತಿದೆ, ನನಗೆ ಗೊತ್ತು” ಎಂದಳು. “ಆದರೆ ಮೀಟಿಂಗಿನಲ್ಲಿ ನನಗೆ ಕೋಪ ಬಂದರೆ, ಬಾಯಿ ತೆಗೆಯೋ ಮುಂಚೆ ಎರಡು ಕಾರ್ಡು ನೆನಪಿಗೆ ಬರ್ತವೆ ರೀ. ಒಂದಲ್ಲ.”

ಆ ರಾತ್ರಿ, ಎಂಟು ವರ್ಷ ತಡವಾಗಿ, ಮೈಸೂರಿನ ಆ ಎರಡು ವರ್ಷಗಳ ಬಗ್ಗೆ ಕೇಳಿದೆ. ಬಹಳ ಹೊತ್ತು ಹೇಳಿದಳು. ಅದೆಲ್ಲವನ್ನೂ ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಒಂದನ್ನು ಮಾತ್ರ ಹೇಳಬಹುದು: ತರಕಾರಿಯ ಹಣಕ್ಕೆ ನಾನು ಎಂದೂ ಲೆಕ್ಕ ಕೇಳಲಿಲ್ಲವಂತೆ, ಆದರೂ ಆಕೆ ಪ್ರತಿ ದಿನ ಲೆಕ್ಕ ಬರೆದಿಡುತ್ತಿದ್ದಳಂತೆ, ಕೇಳಿದರೆ ಇರಲೆಂದು. ನಾನೂ ಜರ್ಮನಿಯಲ್ಲಿ ಅಕ್ಟೋಬರಿನಿಂದ ಒಂದು ಪುಟ್ಟ ಪುಸ್ತಕದಲ್ಲಿ ಹಾಗೆಯೇ ಬರೆದಿಡುತ್ತಿದ್ದೆ. ಅದನ್ನು ತಂದು ತೋರಿಸಿದೆ. ಆಕೆ ನಕ್ಕಳೋ ಅತ್ತಳೋ ದೀಪದ ಬೆಳಕಿನಲ್ಲಿ ಸರಿಯಾಗಿ ಕಾಣಲಿಲ್ಲ. ಕೆಲಸಕ್ಕೇನೂ ಕುತ್ತು ಬರಲಿಲ್ಲವೆಂದು ಮುಂದಿನ ತಿಂಗಳು ತಿಳಿಯಿತು.

ಬೀಗದ ಕೈ ಬಂದು, ಪ್ರಶ್ನಾವಳಿಯನ್ನು ತುಂಬಲು ಒಂದು ಶನಿವಾರ ಇಬ್ಬರೂ ಕುಳಿತೆವು. ವೃತ್ತಿ ಯಾವುದು, ಎಂದಿನಿಂದ, ಬ್ಯಾಂಕಿನ ಖಾತೆ ಯಾವುದು, ಧರ್ಮ ಯಾವುದು (ಅಲ್ಲಿ ಚರ್ಚಿನ ಸದಸ್ಯರಿಂದ ಚರ್ಚಿನ ತೆರಿಗೆಯನ್ನು ಸರ್ಕಾರವೇ ವಸೂಲು ಮಾಡಿಕೊಡುತ್ತದೆ), ಬಾಳಸಂಗಾತಿಯ ವಿವರಗಳೇನು, ಎಲ್ಲವೂ ಬೇಕು. ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಪ್ರಶ್ನೆ: ಈ ವರ್ಷ ಎಷ್ಟು ಲಾಭವನ್ನು ನಿರೀಕ್ಷಿಸುತ್ತೀರಿ? ಮುಂದಿನ ವರ್ಷ ಎಷ್ಟು? ಕನ್ನಡ ಎಂ.ಎ. ಮಾಡಿದವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹುಮ್ಮಸ್ಸಿನಿಂದ ದೊಡ್ಡ ಮೊತ್ತವೊಂದನ್ನು ಬರೆಯಹೊರಟೆ. ಆಕೆ ಕೈ ಹಿಡಿದಳು. ಹೆಚ್ಚು ಬರೆದರೆ ಆ ಅಂದಾಜಿನ ಮೇಲೆಯೇ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟೆಂದು ಚೀಟಿ ಬರುತ್ತದಂತೆ.

ಅದಲ್ಲದೆ ಇನ್ನೊಂದು ಗಡಿ. ಆಕೆಯ ಆರೋಗ್ಯ ವಿಮೆಯ ನೆರಳಿನಲ್ಲಿ ನಾನು ಬೇರೆ ಹಣ ತೆರದೆ ಸೇರಿಕೊಂಡಿದ್ದೆ. 2025ರಲ್ಲಿ ಆ ನೆರಳು ಇದ್ದುದು ತಿಂಗಳಿಗೆ 535 ಯೂರೋ ವರಮಾನದವರೆಗೆ. ಅದನ್ನು ಮೀರಿದರೆ ನಾನೇ ವಿಮೆಯ ಕಂತು ತೆರಬೇಕು. ಪಾಠ ಹೇಳುವ ಸ್ವತಂತ್ರ ವೃತ್ತಿಯವನ ವರಮಾನ ಆ ವರ್ಷ 556 ಯೂರೋವನ್ನು ಮೀರಿದರಂತೂ ಪಿಂಚಣಿಯ ನಿಧಿಗೂ ಕಡ್ಡಾಯವಾಗಿ ಹಣ ಕಟ್ಟಬೇಕಿತ್ತು. ಹೀಗೆ ನನ್ನ ಸ್ವಾತಂತ್ರ್ಯಕ್ಕೆ ಯೂರೋ ಲೆಕ್ಕದಲ್ಲಿ ಸುತ್ತಳತೆ ಇತ್ತು. ಆ ಸುತ್ತಳತೆಯೊಳಗೇ ಇರುವುದೆಂದು ಸದ್ಯಕ್ಕೆ ನಿಶ್ಚಯಿಸಿ, ಅಡಕವಾದ ಒಂದು ಸಂಖ್ಯೆಯನ್ನು ಬರೆದೆವು. ವರ್ಷದ ವಹಿವಾಟು 25,000 ಯೂರೋಗಳನ್ನು ಮೀರದ ಸಣ್ಣ ದುಡಿಮೆಗಾರನು ಗಿರಾಕಿಯಿಂದ ಮಾರಾಟ ತೆರಿಗೆ ವಸೂಲು ಮಾಡಬೇಕಿಲ್ಲವೆಂಬ ಸೌಲಭ್ಯಕ್ಕೂ ಗುರುತು ಹಾಕಿದೆವು.

ಏಪ್ರಿಲಿನಲ್ಲಿ ಲಕೋಟೆ ಬಂತು. ಈ ಬಾರಿ ಪೆಟ್ಟಿಗೆಯ ಸೊಟ್ಟ ಅಕ್ಷರಗಳು ಅದನ್ನು ಹಿಡಿದಿಟ್ಟುಕೊಂಡಿದ್ದವು. ಜರ್ಮನರು ಕಾಗದದಲ್ಲಿ ಕುಲನಾಮವನ್ನೇ ಹಿಡಿದು ‘ಮಾನ್ಯ ಶ್ರೀ’ ಎಂದು ಸಂಬೋಧಿಸುತ್ತಾರೆ. ಆದ್ದರಿಂದ ಆ ಪತ್ರ ಸಂಬೋಧಿಸಿದ್ದು ನನ್ನನ್ನಲ್ಲ, ನನ್ನ ತಂದೆಯವರನ್ನು. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮೂವತ್ತು ವರ್ಷ ಊರವರ ಅರ್ಜಿಗಳಿಗೆ ಸಂಖ್ಯೆ ಹಾಕಿ, ಮೊಹರು ಒತ್ತಿ, ಒಂದು ಬಾರಿಯೂ ವಿಮಾನ ಹತ್ತದೆ 2012ರಲ್ಲಿ ತೀರಿಕೊಂಡರು. ‘ಮಾನ್ಯ ಶ್ರೀ’ ಎಂಬುದರ ಮುಂದೆ ಅವರ ಹೆಸರನ್ನೂ, ಅದರ ಕೆಳಗೆ ತೆರಿಗೆಯ ಸಂಖ್ಯೆಯನ್ನೂ ಬಹಳ ಹೊತ್ತು ನೋಡಿದೆ. ಅವರಿದ್ದಿದ್ದರೆ, ಕಾಗದವನ್ನು ಬೆಳಕಿಗೆ ಹಿಡಿದು, ಮೊಹರು ಏಕಿಲ್ಲವೆಂದು ಕೇಳುತ್ತಿದ್ದರು.

ಮಕ್ಕಳು ಮರಳಿ ಬಂದರು. ಜರ್ಮನ್ ಅಳಿಯನೂ ಬಂದ. ಹೈಡೆಲ್‌ಬರ್ಗಿನಿಂದ 2020ರಲ್ಲಿ ಹೊರಬಂದ ರಾಬರ್ಟ್ ಜೈಡೆನ್‌ಬೋಸ್ ಅವರ ಕನ್ನಡ ಕೈಪಿಡಿಯನ್ನು ಕಂಕುಳಲ್ಲಿಟ್ಟುಕೊಂಡು, ‘ಳ’ಕಾರದೊಡನೆ ಸೆಣಸಲು. ತಿಂಗಳ ಕೊನೆಯಲ್ಲಿ ನನ್ನ ಮೊದಲನೆಯ ಬಿಲ್ಲನ್ನು ಬರೆದೆ: ಬಿಲ್ಲು ಸಂಖ್ಯೆ 1, ಕನ್ನಡ ಪಾಠ, ನಾಲ್ಕು ಗಂಟೆ, 80 ಯೂರೋ. ಹನ್ನೊಂದು ವರ್ಷ ಸಂಬಳಕ್ಕೆ ರುಜು ಹಾಕಿದ್ದೆನೇ ಹೊರತು ಬಿಲ್ಲು ಬರೆದವನಲ್ಲ. ಆಕೆ ಅದನ್ನು ತನಿಖೆ ಮಾಡಿದಳು.

“ಹತ್ತೊಂಬತ್ತನೇ ಕಲಮಿನ ವಾಕ್ಯ ಎಲ್ಲಿ? ಮಾರಾಟ ತೆರಿಗೆ ಯಾಕೆ ಹಾಕಿಲ್ಲ ಅಂತ ಬರೀಬೇಕಲ್ಲ. ತೆರಿಗೆ ಸಂಖ್ಯೆನೂ ಬಿಟ್ಟಿದೀರಿ.”

ಬಿಟ್ಟಿದ್ದೆ. ಹೊಸದಾಗಿ ಬರೆದೆ.

ಮುಂದಿನ ಭಾನುವಾರ ಅಮ್ಮನ ದೂರವಾಣಿ ಬಂದಾಗ ಇದ್ದುದನ್ನು ಇದ್ದಂತೆ ಹೇಳಿದೆ: ದೊಡ್ಡ ಕೆಲಸವೇನೂ ಅಲ್ಲ, ಶನಿವಾರ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತೇನೆ, ಉಳಿದ ದಿನ ಮಿಕ್ಸಿಯ ಕೈಪಿಡಿಯನ್ನು ಕನ್ನಡಕ್ಕೆ ತರುತ್ತೇನೆ, ಮನೆ ನಡೆಯುವುದು ಅವಳ ಸಂಬಳದಿಂದ ಎಂದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಲ್ಲಿಗೆ ಹೋಗಿಯೂ ಮೇಷ್ಟ್ರೇ ಆದೆ ಅನ್ನು. ಕೇಳಿದವರಿಗೆ ಈಗ ನಾನೇನೋ ಹೇಳಲಿ?”

“ಅದನ್ನೇ ಹೇಳಮ್ಮ” ಎಂದೆ.

“ಅವಳಿದಾಳಾ ಅಲ್ಲಿ? ಫೋನು ಕೊಡು” ಎಂದಳು.